ಸುಣ್ಣಕಟ್ಟು ಹುಳ, ಹಿಮ ಕಂಡ ಎಲೆ

ಗಾಜಿನ ಭರಣಿಯೊಳಗೆ ಬೆಳ್ಳಗೆ ಸೆಟೆದುಕೊಂಡ ಹುಳಗಳಿದ್ದವು. ಕಿರುಬೆರಳಿನಷ್ಟು ಉದ್ದ, ಬಳಪದ ಕಡ್ಡಿ ಮುರಿದಿಟ್ಟ ಹಾಗೆ. ಕಟ್ಟೆಯ ಹಿಂದಿದ್ದ ಹೆಂಗಸು ಒಂದು ಹಿಡಿ ತೆಗೆದು ಪುಟ್ಟ ಕೈತಕ್ಕಡಿಗೆ ಹಾಕಿದಳು. ಎರಡನ್ನು ಭರಣಿಗೆ ವಾಪಸ್ ಬಿಟ್ಟಳು. ದಂಡಿ ಸಮವಾದ ಮೇಲೆ ಕಾಗದದಲ್ಲಿ ಸುರುವಿ, ಪಕ್ಕದ ಇನ್ನೊಂದು ಸೆಳೆಖಾನೆಯಿಂದ ಬೇರಿನ ಚೂರುಗಳನ್ನು ತೂಗತೊಡಗಿದಳು. ತಮ್ಮ ಚೀಟಿ ಓದಿ ಹೇಳಿದ: "ಬೈ ಜಿಯಾಂಗ್ ತ್ಸಾನ್ ಅಂತ ಬರೆದಿದೆ ಅಕ್ಕ. ಬಿಳೀ ಸೆಟೆದ ರೇಷ್ಮೆಹುಳ ಅಂತ ಅರ್ಥ."

ಅವನು ಓದುವ ಮೊದಲೇ ನನಗೆ ಗುರುತು ಸಿಕ್ಕಿತ್ತು. ಅದು ಸುಣ್ಣಕಟ್ಟು ರೋಗ.

ಶಿಡ್ಲಘಟ್ಟ ತಾಲ್ಲೂಕಿನ ರೇಷ್ಮೆ ಮನೆಯಲ್ಲಿ ಹುಟ್ಟಿದವರು ಆ ಬಿಳುಪನ್ನು ಮರೆಯುವುದಿಲ್ಲ. ನಾನಾಗ ಆರನೇ ತರಗತಿ. ಜಡಿಮಳೆ ಹಿಡಿದು ನಾಲ್ಕು ದಿನವಾಗಿತ್ತು. ಹುಳ ನಾಲ್ಕನೇ ಜ್ವರ (ಪೊರೆ ಕಳಚುವ ನಿದ್ದೆ) ಎದ್ದು, ಇನ್ನು ಮೂರು ದಿನಕ್ಕೆ ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆ ಏರಬೇಕಿತ್ತು. ಬೆಳಗ್ಗೆ ಸೊಪ್ಪು ಹಾಕಲು ಹೋದ ದೊಡ್ಡಪ್ಪ ತಟ್ಟೆಯ ಮುಂದೆ ಸುಮ್ಮನೆ ನಿಂತಿದ್ದರು. ಮೊದಲ ದಿನ ಹತ್ತಾರು, ಮಾರನೇ ದಿನ ನೂರಾರು, ಮೂರನೇ ದಿನಕ್ಕೆ ಇಡೀ ಮನೆಯೇ ಬಿಳಿ. ಗುಂಡಿ ತೋಡಿ, ಸುಣ್ಣ ಹಾಕಿ ಹೂತರು. ಉಳಿದ ಸೊಪ್ಪನ್ನು ಹಸುವಿಗೂ ಹಾಕಲಿಲ್ಲ. ಆ ಬೆಳೆಯ ಮೇಲೆ ಅಕ್ಕನ ಮದುವೆಯ ಮಾತು ನಿಂತಿತ್ತು. ಅದು ಮುಂದಿನ ವರ್ಷಕ್ಕೆ ಹೋಯಿತು.

ಅದೇ ಹುಳವನ್ನು ಇಲ್ಲಿ, ಚೀನಾದ ಹ್ಯಾಂಗ್‌ಝೌ ನಗರದಲ್ಲಿ, ಗ್ರಾಂ ಲೆಕ್ಕದಲ್ಲಿ ಮಾರುತ್ತಿದ್ದರು. ಗೋಧಿ ತೌಡಿನೊಂದಿಗೆ ಬಾಣಲೆಯಲ್ಲಿ ಹುರಿದು ವಾಸನೆ ತೆಗೆಯುತ್ತಾರಂತೆ. ಗಂಟಲು ನೋವು, ಮಕ್ಕಳ ಸೆಳವು, ನಡುಕ ಇವಕ್ಕೆಲ್ಲ ಅಲ್ಲಿನ ವೈದ್ಯರು ಇದನ್ನು ಕಷಾಯಕ್ಕೆ ಸೇರಿಸುತ್ತಾರೆ. ಬೇಡಿಕೆ ಪೂರೈಸಲೆಂದು ಆರೋಗ್ಯವಂತ ಹುಳಗಳಿಗೆ ಬೇಕೆಂದೇ ರೋಗ ಅಂಟಿಸುವ ಸಾಕಾಣಿಕೆ ಮನೆಗಳೂ ಇವೆ. ಈ ಮಾತು ಕೇಳಿ ನನ್ನ ಮೈ ಜುಮ್ಮೆಂದಿತು.

ತಮ್ಮ ಆ ನಗರದಲ್ಲಿ ಕೆಲಸಕ್ಕಿದ್ದ. ನವೆಂಬರ್ ಕೊನೆಯಲ್ಲಿ ಅವನನ್ನು ನೋಡಲು ಹೋಗಿದ್ದೆ. ಶಾಲೆಯಲ್ಲಿ ಜೀವಶಾಸ್ತ್ರ ಹೇಳಿಕೊಡುವವಳಾದ್ದರಿಂದ ರೇಷ್ಮೆ ಮ್ಯೂಸಿಯಂ ನೋಡಬೇಕೆಂಬ ಆಸೆಯಿತ್ತು. ಔಷಧದಂಗಡಿ ನನ್ನ ಪಟ್ಟಿಯಲ್ಲಿರಲಿಲ್ಲ. ವೂಶಾನ್ ಗುಡ್ಡದ ಬುಡದ ಹಳೇ ಪೇಟೆಯಲ್ಲಿ ನಡೆಯುತ್ತಿದ್ದಾಗ ಎತ್ತರದ ಬಿಳಿ ಗೋಡೆಯೊಂದು ಎದುರಾಯಿತು. ಅದರ ಮೇಲೆ ಆಳೆತ್ತರಕ್ಕೂ ಮೀರಿದ ಕಪ್ಪು ಅಕ್ಷರಗಳು. ಅದು ಹು ಚಿಂಗ್ ಯು ಟಾಂಗ್, 1874ರಲ್ಲಿ ಹು ಶುಯೆಯಾನ್ ಎಂಬ ವರ್ತಕ ಕಟ್ಟಿಸಿದ ಅಂಗಡಿ. ಒಳಗೆ ಕೆತ್ತನೆಯ ಕಂಬಗಳ ತೊಟ್ಟಿಮನೆ, ಗೋಡೆಯುದ್ದಕ್ಕೂ ನೂರಾರು ಸೆಳೆಖಾನೆ, ಮೂಗಿಗೆ ಬಡಿಯುವ ಒಣಬೇರಿನ ಘಾಟು. ಒಂದು ಭಾಗ ಈಗ ಮ್ಯೂಸಿಯಂ, ಇನ್ನೊಂದು ಭಾಗದಲ್ಲಿ ಇಂದಿಗೂ ವ್ಯಾಪಾರ.

ಅಲ್ಲಿನ ಫಲಕಗಳೆಲ್ಲ ಗಿರಾಕಿಯ ಕಡೆ ಮುಖ ಮಾಡಿವೆ. ಒಂದು ಮಾತ್ರ ಒಳಮುಖವಾಗಿ, ಕೆಲಸದವರಿಗೆ ಕಾಣುವ ಹಾಗೆ ತೂಗುತ್ತಿದೆ. 1878ರಲ್ಲಿ ಹು ತಾನೇ ಬರೆಸಿ ಹಾಕಿದ್ದು. ಅದರ ಮೇಲೆ ಎದ್ದು ಕಾಣುವುದು ಎರಡು ದೊಡ್ಡ ಅಕ್ಷರ. 'ಮೋಸ ಬೇಡ' ಎಂದು ಅರ್ಥ. ಮದ್ದು ಮಾರುವವನು ಮೊದಲು ತನಗೆ ತಾನೇ ಹೇಳಿಕೊಳ್ಳಬೇಕಾದ ಮಾತು ಅದು ಎಂದು ನನಗೆ ಬಹಳ ಹಿಡಿಸಿತು.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಹು ಶುಯೆಯಾನನ ಕೊನೆ. ಅವನು ರೇಷ್ಮೆಯ ವ್ಯಾಪಾರಿಯೂ ಆಗಿದ್ದ. ಕಚ್ಚಾ ರೇಷ್ಮೆಯ ಬೆಲೆಯನ್ನು ವಿದೇಶಿ ಕಂಪನಿಗಳು ತಮಗೆ ಬೇಕಾದ ಹಾಗೆ ಇಳಿಸುತ್ತಿದ್ದವು. ಅದನ್ನು ಮುರಿಯಲು 1882ರಲ್ಲಿ ಸಿಕ್ಕಷ್ಟನ್ನೂ ಕೊಂಡು ದಾಸ್ತಾನು ಮಾಡಿದ. ವಿದೇಶಿಯರು ಕೊಳ್ಳದೆ ಕಾದರು. ಯೂರೋಪಿನಿಂದ ಬೇರೆ ಮಾಲು ಬಂತು. 1883ರಲ್ಲಿ ಬೆಲೆ ಬಿದ್ದು ಅವನು ದಿವಾಳಿಯಾದ. ಎರಡು ವರ್ಷಕ್ಕೆ ತೀರಿಕೊಂಡ. ರೇಷ್ಮೆ ಅವನನ್ನು ಮುಳುಗಿಸಿತು, ಮದ್ದಿನಂಗಡಿ ಅವನ ಹೆಸರನ್ನು ಉಳಿಸಿತು. 2011ರಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ ಶೇ 5ಕ್ಕೆ ಇಳಿದಾಗ ನಮ್ಮ ಗೂಡಿನ ಮಾರುಕಟ್ಟೆಯಲ್ಲಿ ರೈತರು ಅಳುಮುಖ ಹೊತ್ತು ನಿಂತದ್ದನ್ನು ಕಂಡವಳು ನಾನು. 'ಚೀನಾ ರೇಷ್ಮೆ' ಎಂಬುದು ನಮ್ಮ ಕಡೆ ಬೈಗುಳದ ಹಾಗೆ ಬಳಕೆಯಾಗುವ ಮಾತು. ಆ ಚೀನಾದಲ್ಲೂ ರೇಷ್ಮೆಯ ಬೆಲೆ ಕುಸಿದು ಮನೆ ಮುರಿದವನೊಬ್ಬ ಇದ್ದ ಎಂದು ತಿಳಿದಾಗ ಆ ನಾಡು ಸ್ವಲ್ಪ ಹತ್ತಿರ ಬಂದಂತಾಯಿತು.

ಬಿಳಿ ಹುಳದ ಭರಣಿಯ ಪಕ್ಕದಲ್ಲೇ ಹಿಪ್ಪುನೇರಳೆ ಇತ್ತು, ಎಲೆಯಷ್ಟೇ ಅಲ್ಲ, ಇಡೀ ಗಿಡ. ಎಲೆ ಸಾಂಗ್ ಯೆ, ಕಡ್ಡಿ ಸಾಂಗ್ ಝಿ, ಬೇರಿನ ಬಿಳಿ ತೊಗಟೆ ಸಾಂಗ್ ಬೈ ಪಿ, ನಮ್ಮ ಮಕ್ಕಳು ಬಾಯಿ ನೇರಳೆ ಮಾಡಿಕೊಂಡು ತಿನ್ನುವ ಕಂಬಳಿ ಹಣ್ಣು ಸಾಂಗ್ ಶೆನ್. ಹುಳದ ಹಿಕ್ಕೆಯೂ ಒಂದು ಸೆಳೆಖಾನೆಯಲ್ಲಿತ್ತು. ಹಿಕ್ಕೆ ತುಂಬಿದ ದಿಂಬು ಮಲಗಲು ತಂಪೆಂದು ಅಲ್ಲಿ ನಂಬುತ್ತಾರೆ. 19ನೇ ಶತಮಾನದಲ್ಲಿ ಈ ಸೀಮೆಯ ವೈದ್ಯ ವಾಂಗ್ ಶಿಷಿಯೊಂಗ್ ವಾಂತಿಭೇದಿಗೆ ಬರೆದ ಪ್ರಸಿದ್ಧ ಕಷಾಯದ ಮೊದಲ ವಸ್ತುವೇ ಹುಳದ ಹಿಕ್ಕೆ. 16ನೇ ಶತಮಾನದ ಲಿ ಶಿಝೆನ್ ತನ್ನ 'ಬೆನ್‌ತ್ಸಾವ್ ಗಾಂಗ್‌ಮು' ಗ್ರಂಥದಲ್ಲಿ 1,892 ಮದ್ದಿನ ವಸ್ತುಗಳನ್ನು ವರ್ಣಿಸಿದ. ಅದರಲ್ಲಿ ಹಿಪ್ಪುನೇರಳೆಯೂ ರೇಷ್ಮೆಹುಳವೂ ಇವೆ. ನಮ್ಮಲ್ಲಿ ಎಲೆ ಹುಳಕ್ಕೆ, ಕಡ್ಡಿ ಒಲೆಗೆ, ಹಿಕ್ಕೆ ತಿಪ್ಪೆಗೆ.

ಎಲೆಯ ಚೀಟಿಯಲ್ಲಿ ಇನ್ನೊಂದು ವಿಚಾರ ಬರೆದಿತ್ತು. ಮದ್ದಿಗೆ ಬೇಕಾದ ಎಲೆಯನ್ನು ಮೊದಲ ಹಿಮ ಬಿದ್ದ ಮೇಲೆ ಕೊಯ್ಯಬೇಕು. ವಸಂತದ ಎಲೆ ಹುಳಕ್ಕೆ, ಹಿಮ ಕಂಡ ಎಲೆ ಮನುಷ್ಯನಿಗೆ. ಹಿಮ ಬೀಳದ ನಮ್ಮ ಬಯಲಿನಲ್ಲಿ ಇಂಥ ಮಾತು ಹುಟ್ಟಲು ಸಾಧ್ಯವೇ ಇರಲಿಲ್ಲ.

ಅಂಗಡಿಯಲ್ಲೇ ಒಂದು ಲೋಟ ಎಲೆಯ ಕಷಾಯ ಕುಡಿದೆ. ಒಣಹುಲ್ಲಿನ ರುಚಿ, ಕೊನೆಯಲ್ಲಿ ಚೂರು ಸಿಹಿ. ಆಗ ಅಮ್ಮನ ನೆನಪು ಬಂತು.

ಅಮ್ಮನಿಗೆ ಸಕ್ಕರೆ ಕಾಯಿಲೆ. ಊಟದ ಮೊದಲ ತುತ್ತಿನೊಂದಿಗೆ ನುಂಗುವ ಮಾತ್ರೆಯೊಂದನ್ನು ಡಾಕ್ಟರು ಬರೆದುಕೊಟ್ಟಿದ್ದರು, ಮಿಗ್ಲಿಟಾಲ್. "ಹೊಟ್ಟೆ ಗುಡುಗುಡು ಅಂತದೆ, ವಾಯು ತುಂಬ್ತದೆ" ಎಂದು ಅಮ್ಮ ಗೊಣಗುತ್ತಿದ್ದಳು. ಆ ಮಾತ್ರೆಯ ಮೂಲ ಅವಳ ಹಿತ್ತಲಲ್ಲೇ ಇದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಹಿಪ್ಪುನೇರಳೆಯ ಹಾಲಿನಲ್ಲಿ, ಚಿಗುರಿನಲ್ಲಿ, ಬೇರಿನ ತೊಗಟೆಯಲ್ಲಿ ಡಿಯಾಕ್ಸಿನೊಜಿರಿಮೈಸಿನ್ ಎಂಬ ವಸ್ತುವಿದೆ. ಉದ್ದ ಹೆಸರಾದ್ದರಿಂದ ಡಿಎನ್‌ಜೆ ಎನ್ನುತ್ತಾರೆ. 1976ರಲ್ಲಿ ಜಪಾನಿನ ವಿಜ್ಞಾನಿಗಳು ಅದನ್ನು ಬೇರಿನ ತೊಗಟೆಯಿಂದ ಬೇರ್ಪಡಿಸಿದರು. ನೋಡಲು ಗ್ಲೂಕೋಸಿನ ಅಣುವಿನ ಹಾಗೆಯೇ. ಒಂದು ಆಮ್ಲಜನಕದ ಜಾಗದಲ್ಲಿ ಸಾರಜನಕ ಕುಳಿತಿದೆ, ಅದೇ ಮುಖ್ಯ ವ್ಯತ್ಯಾಸ. ಸಣ್ಣಕರುಳಿನಲ್ಲಿ ಪಿಷ್ಟವನ್ನೂ ಸಕ್ಕರೆಯನ್ನೂ ಕತ್ತರಿಸುವ ಕಿಣ್ವಗಳು ಇದನ್ನೇ ಸಕ್ಕರೆಯೆಂದು ಹಿಡಿದುಕೊಂಡು ಕೆಲಸ ಮರೆಯುತ್ತವೆ. ಊಟದ ಸಕ್ಕರೆ ರಕ್ತಕ್ಕೆ ಒಮ್ಮೆಲೇ ನುಗ್ಗುವುದಿಲ್ಲ. ಮಿಗ್ಲಿಟಾಲ್ ಈ ಡಿಎನ್‌ಜೆಯನ್ನೇ ಚೂರು ಮಾರ್ಪಡಿಸಿ ಮಾಡಿದ್ದು. ಬೇರೆ ಎಷ್ಟೋ ಕಂಬಳಿಹುಳಗಳಿಗೆ ಹಿಪ್ಪುನೇರಳೆಯ ಹಾಲು ವಿಷ. ರೇಷ್ಮೆಹುಳದ ಹೊಟ್ಟೆಯಲ್ಲಿ ಈ ಮೋಸಕ್ಕೆ ಬಗ್ಗದ ಕಿಣ್ವವಿದೆ. ಹಾಗಾಗಿಯೇ ಆ ಎಲೆ ಅದರ ಪಾಲಾಯಿತು.

ಕತ್ತರಿಸದೆ ಉಳಿದ ಪಿಷ್ಟ ಎಲ್ಲಿಗೆ ಹೋಗುತ್ತದೆ? ದೊಡ್ಡಕರುಳಿಗೆ. ಅಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾಗಳು ಕಾದಿವೆ. ನಾವು ಅರಗಿಸಲಾರದ್ದನ್ನು ಅವು ಹುದುಗಿಸುತ್ತವೆ. ಹುದುಗಿದಾಗ ಅನಿಲ ಬರುತ್ತದೆ, ಅಮ್ಮನ ಗುಡುಗುಡು ಅದೇ. ಜೊತೆಗೆ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಪುಟ್ಟ ಆಮ್ಲಗಳೂ ಬರುತ್ತವೆ. ದೊಡ್ಡಕರುಳಿನ ಒಳಪದರದ ಜೀವಕೋಶಗಳಿಗೆ ಬ್ಯುಟಿರೇಟೇ ಮುಖ್ಯ ಆಹಾರ. ನಮ್ಮ ಕರುಳಿನ ಗೋಡೆಗೆ ಬ್ಯಾಕ್ಟೀರಿಯಾಗಳು ಅಡುಗೆ ಮಾಡಿ ಬಡಿಸುತ್ತವೆ ಎಂದರೆ ತಪ್ಪಾಗದು. ಹೀಗೆ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಮೇವಾಗುವ ವಸ್ತುಗಳಿಗೆ 1995ರಲ್ಲಿ ಗಿಬ್ಸನ್ ಮತ್ತು ರಾಬರ್‌ಫ್ರಾಯ್ಡ್ ಎಂಬ ಇಬ್ಬರು ವಿಜ್ಞಾನಿಗಳು 'ಪ್ರಿಬಯಾಟಿಕ್' ಎಂದು ಹೆಸರಿಟ್ಟರು. ಪ್ರೋಬಯಾಟಿಕ್ ಎಂದರೆ ಬ್ಯಾಕ್ಟೀರಿಯಾವನ್ನೇ ನುಂಗುವುದು, ಮಜ್ಜಿಗೆಯ ಹಾಗೆ. ಪ್ರಿಬಯಾಟಿಕ್ ಎಂದರೆ ಅದಕ್ಕೆ ಸೊಪ್ಪು ಹಾಕುವುದು. ಹುಳ ಮೇಯಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಕಣ್ಣಿನಿಂದ ಅಂಗಡಿಯನ್ನು ಮತ್ತೊಮ್ಮೆ ನೋಡಿದೆ. ಹುವಾಂಗ್ ಚಿ ಬೇರು, ಇನ್ಯುಲಿನ್ ಜಾತಿಯ ನಾರಿರುವ ಡಾಂಗ್ ಶೆನ್, ಪೈನ್ ಮರದ ಬೇರಿನಲ್ಲಿ ಗಡ್ಡೆ ಕಟ್ಟುವ ಫು ಲಿಂಗ್ ಎಂಬ ಅಣಬೆ, ಶಾನ್ ಯಾವ್ ಎಂಬ ಗೆಣಸು. ನಿಶ್ಶಕ್ತಿ, ಅಜೀರ್ಣ, ಹಸಿವಿಲ್ಲದಿರುವುದು ಎಂದರೆ ಚೀನೀ ವೈದ್ಯರು ಮೊದಲು ಕೈ ಹಾಕುವುದೇ ಇವುಗಳಿಗೆ. ಎಲ್ಲದರಲ್ಲೂ ಉದ್ದುದ್ದ ಸಕ್ಕರೆ ಸರಪಳಿಗಳಿವೆ. ಅವರ ಮದ್ದು ಹೆಚ್ಚಾಗಿ ನೀರಿನಲ್ಲಿ ಕುದಿಸಿದ ಕಷಾಯ. ಆ ಸರಪಳಿಗಳಲ್ಲಿ ಎಷ್ಟೋ ಕರಗುವುದೂ ನೀರಿನಲ್ಲೇ. ಪ್ರಯೋಗಾಲಯದಲ್ಲಿ ಮದ್ದಿನ 'ಸಾರ' ತೆಗೆಯುವವರು ಬಹುಕಾಲ ಆಲ್ಕೋಹಾಲ್ ಬಳಸಿ, ತಳಕ್ಕೆ ಕೂತ ಈ ಅಂಟನ್ನು ಕಸವೆಂದು ಚೆಲ್ಲುತ್ತಿದ್ದರು. ಈಗ ಅದೇ ಅಂಟನ್ನು ಎತ್ತಿಕೊಂಡು ಇಲಿಗಳಿಗೆ ತಿನ್ನಿಸಿ ನೋಡುತ್ತಿದ್ದಾರೆ. ತೈವಾನಿನ ತಂಡವೊಂದು 2015ರಲ್ಲಿ ಲಿಂಗ್‌ಝಿ ಅಣಬೆಯ ನೀರಿನ ಸಾರ ಕೊಟ್ಟಾಗ ಕೊಬ್ಬಿನ ಊಟ ತಿಂದ ಇಲಿಗಳ ತೂಕ ಅಷ್ಟು ಏರಲಿಲ್ಲ. ಆ ಇಲಿಗಳ ಮಲದ ಬ್ಯಾಕ್ಟೀರಿಯಾವನ್ನು ಬೇರೆ ಇಲಿಗಳಿಗೆ ಸೇರಿಸಿದಾಗಲೂ ಗುಣ ಕಂಡಿತು. ಅಣಬೆಯ ಕೆಲಸ ಕರುಳಿನ ಬ್ಯಾಕ್ಟೀರಿಯಾಗಳ ಮೂಲಕವೇ ನಡೆದಿದೆ ಎನ್ನಲು ಅದು ಆಧಾರ. ಜಿನ್ಸೆಂಗ್ ಬೇರಿನದು ಇನ್ನೊಂದು ಕಥೆ. ಅದರ ಮುಖ್ಯ ವಸ್ತು ಹಾಗೇ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಕರುಳಿನ ಬ್ಯಾಕ್ಟೀರಿಯಾ ಅದನ್ನು ಕತ್ತರಿಸಿ ಚಿಕ್ಕದು ಮಾಡಿದರೆ ಸೇರುತ್ತದೆ. ಆ ಬ್ಯಾಕ್ಟೀರಿಯಾ ಎಲ್ಲರಲ್ಲೂ ಸಮನಾಗಿರುವುದಿಲ್ಲ. ಒಂದೇ ಕಷಾಯ ಒಬ್ಬರಿಗೆ ನಾಟುವುದು, ಇನ್ನೊಬ್ಬರಿಗೆ ನಾಟದಿರುವುದು ಯಾಕೆ ಎಂಬುದಕ್ಕೆ ಇದು ಒಂದು ಕಾರಣವಿರಬಹುದು.

ನನಗನ್ನಿಸಿದ್ದು ಇದು: ಆ ಸೆಳೆಖಾನೆಗಳ ಮದ್ದಿಗೆ ಮೊದಲ ಗಿರಾಕಿ ನಾವಲ್ಲ, ನಮ್ಮೊಳಗಿರುವ ಜೀವಿಗಳು.

ಆ ರಾತ್ರಿ ತಮ್ಮನ ಮನೆಯಲ್ಲಿ ನಿದ್ದೆ ಬರಲಿಲ್ಲ. ಸುಣ್ಣಕಟ್ಟು ತಲೆಯಲ್ಲಿ ಸುತ್ತುತ್ತಿತ್ತು. ಇಟಲಿಯ ರೈತರು ಇದೇ ರೋಗವನ್ನು 'ಕಾಲ್ಚಿನೊ' ಎನ್ನುತ್ತಿದ್ದರು. ಆ ಮಾತಿನೊಳಗೂ ಇರುವುದು ಸುಣ್ಣವೇ! ಅಗೊಸ್ಟಿನೊ ಬಸ್ಸಿ ಎಂಬಾತ ಸುಮಾರು 25 ವರ್ಷ ಇದರ ಬೆನ್ನು ಹತ್ತಿ, ಹುಳವನ್ನು ಕೊಲ್ಲುವುದು ಗಾಳಿಯೂ ಅಲ್ಲ, ಎಲೆಯೂ ಅಲ್ಲ, ಕಣ್ಣಿಗೆ ಕಾಣದ ಬೂಷ್ಟು ಎಂದು 1835ರಲ್ಲಿ ತೋರಿಸಿದ. ಸೂಕ್ಷ್ಮಜೀವಿಯೊಂದು ಪ್ರಾಣಿಗೆ ರೋಗ ತರುತ್ತದೆ ಎಂದು ಲೋಕ ಕಂಡದ್ದು ಅಲ್ಲೇ ಮೊದಲು. ಆ ಬೂಷ್ಟಿಗೆ ಅವನ ಹೆಸರನ್ನೇ ಸೇರಿಸಿ ಬ್ಯುವೇರಿಯಾ ಬಸಿಯಾನಾ ಎಂದರು. ಮೂವತ್ತು ವರ್ಷದ ನಂತರ ಲೂಯಿ ಪಾಶ್ಚರ್ ಫ್ರಾನ್ಸಿನ ರೇಷ್ಮೆ ಮನೆಗಳಲ್ಲಿ ಕೂತು ಗಂಟುರೋಗವೂ ಸಪ್ಪೆರೋಗವೂ ಬೇರೆಬೇರೆ ಎಂದು ಬಿಡಿಸಿದ. ಈಗ ಅದೇ ಬ್ಯುವೇರಿಯಾವನ್ನು ಪೊಟ್ಟಣ ಕಟ್ಟಿ ತರಕಾರಿ ಬೆಳೆಗಾರರಿಗೆ ಜೈವಿಕ ಕೀಟನಾಶಕವಾಗಿ ಮಾರುತ್ತಾರೆ. ರೇಷ್ಮೆ ಇರುವ ಕಡೆ ಸಿಂಪಡಿಸಬೇಡಿ ಎಂಬ ಎಚ್ಚರಿಕೆಯೂ ಜೊತೆಗಿರುತ್ತದೆ. ಸೂಕ್ಷ್ಮಜೀವಿಗೆ ಹೆದರುವುದನ್ನು ಮನುಷ್ಯ ಕಲಿತದ್ದು ರೇಷ್ಮೆಹುಳದಿಂದ. ಅದೇ ಹುಳದ ಎಲೆ ಈಗ ಇನ್ನೊಂದು ಬಗೆಯ ಸೂಕ್ಷ್ಮಜೀವಿಯನ್ನು ಸಾಕುವುದು ಹೇಗೆಂದು ಹೇಳಿಕೊಡುತ್ತಿದೆ.

ಮಾರನೇ ದಿನ ರೈಲಿನಲ್ಲಿ ಹುಝೌಗೆ ಹೋದೆವು. ಅದರ ಬಳಿಯ ಚಿಯೆನ್‌ಶಾನ್‌ಯಾಂಗ್‌ನಲ್ಲಿ 1950ರ ದಶಕದಲ್ಲಿ ಅಗೆದಾಗ ನಾಲ್ಕು ಸಾವಿರ ವರ್ಷಕ್ಕೂ ಹಳೆಯ ರೇಷ್ಮೆಯ ಚೂರುಗಳು ಸಿಕ್ಕಿದ್ದವು. ನಾನು ನೋಡಹೋದದ್ದು ದಿಗಾಂಗ್ ಹಳ್ಳಿಯ ಸುತ್ತಲಿನ ಕೊಳಗಳನ್ನು. ಕೊಳದ ಏರಿಯ ಮೇಲೆ ಹಿಪ್ಪುನೇರಳೆ, ನೀರಿನಲ್ಲಿ ಮೀನು. ಎಲೆ ಹುಳಕ್ಕೆ, ಹುಳದ ಹಿಕ್ಕೆ ಮೀನಿಗೆ, ಮೀನಿನ ಗಲೀಜು ಸೇರಿದ ಕೆಸರು ಮತ್ತೆ ಗಿಡದ ಬುಡಕ್ಕೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2017ರಲ್ಲಿ ಇದನ್ನು ಜಾಗತಿಕ ಕೃಷಿ ಪರಂಪರೆಯ ಪಟ್ಟಿಗೆ ಸೇರಿಸಿದೆ. ಚಳಿಗಾಲವಾದ್ದರಿಂದ ಗಿಡಗಳು ಬೋಳು, ಸವರಿದ ಗೆಣ್ಣುಗಳು ಮುಷ್ಟಿ ಕಟ್ಟಿದ ಹಾಗೆ. ಮುದುಕರೊಬ್ಬರು ಕೊಳದ ಕಪ್ಪು ಕೆಸರನ್ನು ಎತ್ತಿ ಬುಡಕ್ಕೆ ಹಾಕುತ್ತಿದ್ದರು. ನನ್ನ ಕೈಯಲ್ಲಿದ್ದ ಫೋಟೊ ತೋರಿಸಿದೆ, ನಮ್ಮ ವಿ-1 ತಳಿಯ ಹಿಪ್ಪುನೇರಳೆ ತೋಟದ್ದು, ನವೆಂಬರಿನಲ್ಲೂ ಎದೆಯೆತ್ತರ ಹಸಿರು. ಅವರು ಫೋಟೊವನ್ನು ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. "ಚಳಿಗಾಲದಲ್ಲೂ ಎಲೆ ಇರುತ್ತಾ ಅಂತ ಕೇಳ್ತಿದ್ದಾರೆ" ಎಂದ ತಮ್ಮ. ವರ್ಷಕ್ಕೆ ಐದಾರು ಬೆಳೆ ತೆಗೆಯುತ್ತೇವೆ ಎಂದಾಗ ಅವರಿಗೆ ನಂಬಿಕೆಯಾಗಲಿಲ್ಲ. ಅವರಿಗೆ ನಮ್ಮೂರೇ ದೂರದೇಶದ ಅದ್ಭುತ.

ಚಳಿಗೆ ಗಿಡ ಬೋಳಾಗುವ ಆ ನಾಡಿನಲ್ಲಿ ಕಡ್ಡಿಯೂ ದಂಡವಾಗುವುದಿಲ್ಲ. ಹಿಪ್ಪುನೇರಳೆಯ ಕಡ್ಡಿಯಿಂದ ಬೇರ್ಪಡಿಸಿದ ಆಲ್ಕಲಾಯ್ಡ್‌ಗಳ ಮಾತ್ರೆಗೆ 2020ರಲ್ಲಿ ಚೀನಾ ಸಕ್ಕರೆ ಕಾಯಿಲೆಯ ಔಷಧವಾಗಿ ಅನುಮತಿ ಕೊಟ್ಟಿತು. ಅದರಲ್ಲಿರುವುದೂ ಮುಖ್ಯವಾಗಿ ಡಿಎನ್‌ಜೆಯೇ.

ಹ್ಯಾಂಗ್‌ಝೌಗೆ ಮರಳಿದ ಮೇಲೆ ಪಶ್ಚಿಮ ಸರೋವರದ ಉತ್ತರಕ್ಕಿರುವ ಗೆಲಿಂಗ್ ಗುಡ್ಡ ಹತ್ತಿದೆ. 4ನೇ ಶತಮಾನದ ಗೆ ಹೋಂಗ್ ಅಲ್ಲಿ ತಪಸ್ಸು ಮಾಡಿದನೆಂಬ ನಂಬಿಕೆ. ಬಡವರ ಕೈಗೆ ಎಟುಕುವ ಮದ್ದುಗಳನ್ನು ಬರೆದಿಟ್ಟವನು ಅವನು. ಅವನ ಪುಸ್ತಕದ ಒಂದು ಸಾಲು ಹಿಡಿದು ಹೊರಟ ತು ಯೂಯೂ ಮಲೇರಿಯಾಕ್ಕೆ ಆರ್ಟೆಮಿಸಿನಿನ್ ಕಂಡುಹಿಡಿದು 2015ರಲ್ಲಿ ನೊಬೆಲ್ ಪಡೆದರು. ಅದೇ ಪುಸ್ತಕದಲ್ಲಿ ವಿಷಾಹಾರ ತಿಂದು ಸಾಯುವಂತಾದವನಿಗೆ ಮಲದ ನೀರು ಕುಡಿಸುವ ಮದ್ದೂ ಇದೆ. ಕೇಳಲು ಅಸಹ್ಯ. ಆದರೆ 2013ರಲ್ಲಿ ನೆದರ್‌ಲೆಂಡ್ಸಿನ ವೈದ್ಯರು ಹಟ ಹಿಡಿದ ಕರುಳಿನ ಸೋಂಕೊಂದಕ್ಕೆ ಆರೋಗ್ಯವಂತರ ಮಲದ ದ್ರವವನ್ನು ಕೊಳವೆಯಲ್ಲಿ ಇಳಿಸಿ, ಆ್ಯಂಟಿಬಯಾಟಿಕ್‌ಗಿಂತ ಎಷ್ಟೋ ಚೆನ್ನಾಗಿ ಗುಣವಾಗುವುದನ್ನು ತೋರಿಸಿದರು.

ಇದನ್ನೆಲ್ಲ ಬರೆಯುವಾಗ ಗೌರಿಬಿದನೂರಿನ ಎಚ್. ನರಸಿಂಹಯ್ಯನವರು ಎದುರಿಗೆ ಕೂತ ಹಾಗೆ ಅನಿಸುತ್ತದೆ. ಹೊಸೂರಿನ ಬಡ ಮನೆಯಿಂದ ಬಂದು ಭೌತವಿಜ್ಞಾನ ಕಲಿತು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ, 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದವರು. 'ಆಧಾರವೇನು?' ಎಂದು ಅವರು ಕೇಳುವ ಪ್ರಶ್ನೆಗೆ ನಾನು ಉತ್ತರ ಕೊಡಬೇಕು. ಊಟದ ಜೊತೆ ಹಿಪ್ಪುನೇರಳೆ ಎಲೆ ಸೇವಿಸಿದರೆ ಸಕ್ಕರೆ ಒಮ್ಮೆಲೇ ಏರುವುದಿಲ್ಲ ಎಂಬುದಕ್ಕೆ ಮನುಷ್ಯರ ಮೇಲಿನ ಪರೀಕ್ಷೆಗಳಿವೆ. ಕರುಳಿನ ಬ್ಯಾಕ್ಟೀರಿಯಾಗಳ ಕಥೆಗೆ ಇರುವ ಆಧಾರ ಬಹುಪಾಲು ಇಲಿಗಳದ್ದು, ಗಾಜಿನ ಪಾತ್ರೆಗಳದ್ದು. ಬಿಳಿ ಹುಳದ ಬಗ್ಗೆ ನನಗೆ ನಂಬಿಕೆ ಹುಟ್ಟಿಲ್ಲ. ಸಕ್ಕರೆಗೆ ಮಾತ್ರೆ ತಿನ್ನುವವರು ಡಾಕ್ಟರನ್ನು ಕೇಳದೆ ಈ ಎಲೆಯ ಪುಡಿಯನ್ನೂ ಸೇರಿಸಿಕೊಂಡರೆ ಸಕ್ಕರೆ ತೀರಾ ಇಳಿದು ಅಪಾಯವಾಗಬಹುದು. ಇಷ್ಟನ್ನು ಅವರ ಮುಂದೆ ಧೈರ್ಯವಾಗಿ ಹೇಳಬಲ್ಲೆ.

ಇನ್ನೊಂದನ್ನೂ ಹೇಳಬಲ್ಲೆ. ದೊಡ್ಡಕರುಳಿಗೆ ಸೊಪ್ಪು ಹಾಕುವುದನ್ನು ನಮ್ಮ ಸೀಮೆ ಚೀನಾದಿಂದ ಕಲಿಯಬೇಕಿಲ್ಲ. ಚಿಂತಾಮಣಿ ಸಂತೆಯಲ್ಲಿ ಚಳಿಗಾಲಕ್ಕೆ ಗುಡ್ಡೆ ಬೀಳುವ ಅವರೆಕಾಯಿಯಲ್ಲಿ ನಮ್ಮ ಕಿಣ್ವಗಳು ಕತ್ತರಿಸಲಾರದ ರ‍್ಯಾಫಿನೋಸ್ ಜಾತಿಯ ಸಕ್ಕರೆಗಳಿವೆ. ಹಿತಕಿದ ಬೇಳೆ ಸಾರು ಉಂಡ ರಾತ್ರಿ ಹೊಟ್ಟೆ ಉಬ್ಬರಿಸುವುದು ಅದರಿಂದಲೇ, ಇಂಗು ಶುಂಠಿ ಹಾಕುವುದೂ ಅದಕ್ಕೇ. ರಾತ್ರಿಯ ಮುದ್ದೆ ಬೆಳಗ್ಗೆಗೆ ಆರಿ ತಣ್ಣಗಾದಾಗ ಪಿಷ್ಟದ ಒಂದಷ್ಟು ಭಾಗ ಗಟ್ಟಿಯಾಗಿ ಕಿಣ್ವಕ್ಕೆ ಬಗ್ಗದೆ ದೊಡ್ಡಕರುಳು ತಲುಪುತ್ತದೆ. ಅದನ್ನೇ ಮಜ್ಜಿಗೆಯಲ್ಲಿ ಕಿವುಚಿ ಕುಡಿದು ಹೊಲಕ್ಕೆ ಹೋದವರು ನಮ್ಮ ಹಿರಿಯರು. ಅದರಲ್ಲಿ ಬ್ಯಾಕ್ಟೀರಿಯಾವೂ ಇತ್ತು, ಅದರ ಮೇವೂ ಇತ್ತು.

ಚಿಕ್ಕಬಳ್ಳಾಪುರದಲ್ಲಿ ಬಸ್ಸಿಳಿದು ಊರಿಗೆ ಬಂದಾಗ ಸಂಜೆಯಾಗಿತ್ತು. ದೊಡ್ಡಪ್ಪ ಹುಳದ ಮನೆಯ ಬಾಗಿಲಲ್ಲೇ ಇದ್ದರು. ಈಗ ಎಂಬತ್ತರ ಹತ್ತಿರ. ಫೋನಿನಲ್ಲಿ ಭರಣಿಯ ಚಿತ್ರ ತೋರಿಸಿದೆ. ಕಣ್ಣು ಕಿರಿದು ಮಾಡಿ ನೋಡಿದರು.

"ಸುಣ್ಣಕಟ್ಟು."

"ಹೌದು ದೊಡ್ಡಪ್ಪ. ಅಲ್ಲಿ ಮದ್ದು ಅಂತ ಮಾರ್ತಾರೆ."

ಅವರು ಮಾತಾಡಲಿಲ್ಲ. ಆ ವರ್ಷದ ಗುಂಡಿ ನೆನಪಾಗಿರಬೇಕು. ಆಮೇಲೆ ಎಲೆಯ ವಿಚಾರ ಹೇಳಿದೆ, ಕರುಳಿನ ವಿಚಾರ ಹೇಳಿದೆ. ಅದಕ್ಕೆ ತಲೆಯಾಡಿಸಿದರು. "ಹೊಟ್ಟೆ ಸರಿ ಇದ್ರೆ ಹುಳ ಸರಿ ಇರ್ತದೆ. ಒದ್ದೆ ಸೊಪ್ಪು, ಬಿಸಿಯಾದ ಸೊಪ್ಪು ಹಾಕಿದ್ರೆ ಸಪ್ಪೆರೋಗ ಬರೋದು ಹೊಟ್ಟೆ ಕೆಟ್ಟೇ ಅಲ್ವೇನಮ್ಮಾ. ಮನುಷ್ಯಂದೂ ಹಂಗೇ ಇರ್ತದೆ."

ಒಳಗೆ ಹುಳ ಮೂರನೇ ಜ್ವರ ಎದ್ದಿದ್ದವು. ನೋಡೋಣವೆಂದು ಹೆಜ್ಜೆ ಇಟ್ಟೆ. ದೊಡ್ಡಪ್ಪ ಬಾಗಿಲಿಗೆ ಅಡ್ಡ ಕೈ ಇಟ್ಟರು.

"ಆ ಅಂಗಡಿಗೆ ಇದೇ ಬಟ್ಟೇಲಿ ಹೋಗಿದ್ದಾ?"

ಅದೇ ಸ್ವೆಟರ್, ಅದೇ ಕೈಚೀಲ. ಬೂಷ್ಟಿನ ಕಣ ಎಷ್ಟು ದಿನ ಬದುಕಿರುತ್ತದೆಂದು ಪಾಠ ಮಾಡುವವಳು ನಾನು, ನೆನಪಾದದ್ದು ಅವರಿಗೆ. ಚೀಲವನ್ನು ಹುಣಸೆಮರದ ಕೆಳಗಿಟ್ಟೆ. ದೊಡ್ಡಮ್ಮ ಬಚ್ಚಲೊಲೆಗೆ ಒಣಗಿದ ಹಿಪ್ಪುನೇರಳೆ ಕಡ್ಡಿ ತುರುಕಿ ನೀರು ಕಾಯಿಸಿದರು. ಮಿಂದು, ಅವರ ಒಗೆದ ಸೀರೆ ಉಟ್ಟು, ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕಾಲು ಅದ್ದಿದ ಮೇಲೆ ದೊಡ್ಡಪ್ಪ ಬಾಗಿಲು ಬಿಟ್ಟರು.